ಎತ್ತಿಗಿದ್ದ ಸೋಮವಾರ

ಇವತ್ತು ಬೆಳಿಗ್ಗೆ ಅಂಗಡಿಯಿಂದ ತಂದ ಅರಿಶಿನದ ಪುಡಿಯ ಪೊಟ್ಟಣ ಕತ್ತರಿಸಿ ಡಬ್ಬಿಗೆ ಸುರಿಯುತ್ತಿದ್ದೆ. ಬಣ್ಣವೇನೋ ಕಣ್ಣಿಗೆ ಹೊಡೆಯುವ ಹಾಗಿತ್ತು. ಮೂಗಿಗೆ ಹಿಡಿದರೆ ಏನೂ ಇಲ್ಲ. ನನ್ನ ಮೂಗು ಹಳೆಯದಾಯಿತೋ, ಅರಿಶಿನವೇ ಹೀಗೋ ಎಂಬ ಅನುಮಾನ ಬಂದು, ಜಗಲಿಯಲ್ಲಿ ಪೇಪರು ಓದುತ್ತಿದ್ದ ನಮ್ಮವರ ಮುಂದೆ ಡಬ್ಬಿ ಹಿಡಿದೆ. ನಮ್ಮವರೆಂದರೆ ನನ್ನ ಗಂಡ. ಅವರು ಒಂದು ಚಿಟಿಕೆ ತೆಗೆದು ಬೆರಳಲ್ಲಿ ಹೊಸಕಿ, ಮೂಸಿ, "ಬೇಯ್ಸಿದ್ದು ಸಾಲ್ದು" ಎಂದು ತೀರ್ಪು ಕೊಟ್ಟು ಮತ್ತೆ ಪೇಪರಿನೊಳಗೆ ಹೋದರು. ಅರಿಶಿನದ ಮಂಡಿ ಬಿಟ್ಟು ಎಷ್ಟೋ ವರ್ಷವಾಯಿತು. ಅವರ ಬೆರಳು ಮಾತ್ರ ಇನ್ನೂ ಮಂಡಿಯಲ್ಲೇ ಇದೆ.

ಅರಿಶಿನದ ನಿಜವಾದ ವಾಸನೆ ನಿಮಗೆ ಗೊತ್ತಿದೆಯೋ ಇಲ್ಲವೋ. ನಮ್ಮೂರು ಭೀಮನಬೀಡಿನಲ್ಲಿ ಹೊಲದ ಬದುವಿಗೇ ದೊಡ್ಡ ಕೊಪ್ಪರಿಗೆ ಹೂಡಿ ಹಸಿ ಕೊಂಬು ಬೇಯಿಸುತ್ತಿದ್ದರು. ಆ ಹಬೆ ಊರೊಳಗೆ ಬಂದರೆ ಮಣ್ಣು, ಕರ್ಪೂರ, ಕಹಿ ಎಲ್ಲ ಒಟ್ಟಿಗೆ ಮೂಗಿಗೆ ನುಗ್ಗುತ್ತಿತ್ತು. ಮದುವೆಯಾದ ಮೇಲೆ ಅದೇ ವಾಸನೆ ನಮ್ಮವರ ಅಂಗಿಯಲ್ಲಿ ಚಾಮರಾಜನಗರದ ಬಾಡಿಗೆ ಮನೆಗೆ ದಿನಾ ಸಂಜೆ ಬರುತ್ತಿತ್ತು. ಅವರ ಅಂಗಿಯ ಜೊತೆ ನೆನೆಹಾಕಿದ ನನ್ನ ಬಿಳಿ ರವಿಕೆಗಳೆಲ್ಲ ಹಳದಿಯಾದವು. ಹೊಸತರಲ್ಲಿ ಬೈದೆ. ಆಮೇಲೆ ಬಿಳಿ ರವಿಕೆ ಹೊಲಿಸುವುದನ್ನೇ ಬಿಟ್ಟೆ. ಈ ಹಳದಿ ಅಂಗಿಯ ಗಂಡು ನನ್ನ ಪಾಲಿಗೆ ಬಂದದ್ದು ಹೇಗೆ ಎಂದು ಹೇಳಬೇಕೆನಿಸುತ್ತಿದೆ. ನಿಮಗೆ ಬಿಡುವಿದ್ದರೆ ಕೂತುಕೊಳ್ಳಿ.

ಐವತ್ತರ ದಶಕ ಅರ್ಧ ಸವೆದಿತ್ತು. ಪಕ್ಕದ ಕೊಳ್ಳೇಗಾಲ ಇನ್ನೂ ಮದ್ರಾಸಿನವರದಾಗಿತ್ತು. ನಾನು ಲೋಯರ್ ಸೆಕೆಂಡರಿ ಪಾಸು ಮಾಡಿ, ಮುಂದೇನು ಎಂದು ಯಾರೂ ಕೇಳದ್ದರಿಂದ ಮನೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದೆ. ಅಂಥ ಹೊತ್ತಿನಲ್ಲಿ ಒಂದೇ ತಿಂಗಳಲ್ಲಿ ಎರಡು ಸಂಬಂಧ ಬಂದವು. ಒಬ್ಬರು ಸರ್ಕಾರಿ ಕಚೇರಿಯ ಗುಮಾಸ್ತರು, ಹೆಸರು ನಂಜುಂಡಸ್ವಾಮಿ. ಇನ್ನೊಬ್ಬರು ಚಾಮರಾಜನಗರದ ಅರಿಶಿನ ಮಂಡಿಯೊಂದರ ಗುಮಾಸ್ತರು. ಮಂಡಿಯಲ್ಲಿ ಅವರನ್ನು ರೈಟ್ರು ಎನ್ನುತ್ತಿದ್ದರು.

ನಮ್ಮ ಮನೆಯಲ್ಲಿ ಉದ್ಯೋಗದ ವಿಷಯಕ್ಕೆ ಕೊನೆಯ ಮಾತು ನನ್ನ ಸೋದರಮಾವ ಪುಟ್ಟಸ್ವಾಮಪ್ಪನವರದು. ಮಾವ ಸರ್ಕಾರಿ ಕಚೇರಿಯಲ್ಲಿ ಜವಾನರಾಗಿದ್ದು ನಿವೃತ್ತರಾದವರು. ತಿಂಗಳಿಗೊಮ್ಮೆ ಪಿಂಚಣಿ ತರಲು ಗುಂಡ್ಲುಪೇಟೆಗೆ ಹೋಗುವ ದಿನ ಕೋಟು, ಪೇಟ, ಕೈಯಲ್ಲೊಂದು ಛತ್ರಿ. ಪಿಂಚಣಿ ಎಷ್ಟು ಎಂದು ಯಾರಿಗೂ ಹೇಳುತ್ತಿರಲಿಲ್ಲ. ಬಹಳ ಸಣ್ಣದೇ ಇದ್ದಿರಬೇಕು. ಆದರೆ ಅವರು ಬಸ್ಸಿಳಿದು ಊರೊಳಗೆ ನಡೆದು ಬರುವ ಗತ್ತು ನೋಡಿದವರಿಗೆ ಅದು ಸಣ್ಣದೆನ್ನಿಸುತ್ತಿರಲಿಲ್ಲ.

ಜಗಲಿಯ ಮೇಲೆ ಸಭೆ ಸೇರಿತು. ನಾನು ಒಳಗಡೆ ಬಾಗಿಲ ಸಂದಿಯಲ್ಲಿ.

"ನೋಡು ಭಾವ," ಎಂದರು ಮಾವ ಅಪ್ಪನಿಗೆ, "ಸಾವ್ಕಾರ ಸಾಯ್ತಾನೆ. ಸರ್ಕಾರ ಸಾಯಕ್ಕಿಲ್ಲ. ಇನ್ನೇನು ಯೋಚ್ನೆ ಮಾಡೀಯೆ?"

"ಸಂಬ್ಳ ಮಂಡಿಯೋನ್ಗೇ ಒಸಿ ಜಾಸ್ತಿ ಅಂತಾರಲ್ಲ."

"ಜಾಸ್ತಿ ಇರ್ಲಿ. ಭಾನ್ವಾರ ಅದಾ? ಅಬ್ಬದ ರಜ ಅದಾ? ಕಾಯ್ಲೆ ಬಿದ್ರೆ ಕೇಳೋರವ್ರಾ? ವಯಸ್ಸಾದ್ಮೇಲೆ ಕೂರ್ಸಿ ಪಿಂಚಿಣಿ ಕೊಡ್ತಾನಾ ಆ ಸಾವ್ಕಾರ?"

"ಸರ್ಕಾರ್ದೋರ್ನ ಎಲ್ಲೆಲ್ಗೋ ವರ್ಗ ಮಾಡ್ತಾರಲ್ಲಣ್ಣ, ನನ್ನ ಮಗ್ಳ ಕಾಡ್ಗೆ ಆಕ್ಬುಟ್ರೆ?" ಎಂದಳು ಅವ್ವ.

ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಿದ್ದ ಅಜ್ಜಿ, "ಇಬ್ರೂ ಬರ್ಯೋರೇ ಅಂದ್ಮೇಲೆ ಯಾರ ಬರವಣ್ಗೆ ದುಂಡಗದೆ ಅಂತ ನೋಡಿ ಕೊಟ್ಬುಡ್ರಪ್ಪ," ಎಂದಿತು. ಅಜ್ಜಿಗೆ ಓದು ಬರುತ್ತಿರಲಿಲ್ಲ.

ಮೊದಲು ಬಂದವರು ನಂಜುಂಡಸ್ವಾಮಿ. ಪಾಪ, ಬಹಳ ಸಂಕೋಚದ ಮನುಷ್ಯ. ಬಂದಾಗಿನಿಂದ ಹೋಗುವವರೆಗೂ ಉಪ್ಪಿಟ್ಟಿನ ತಟ್ಟೆಯನ್ನಷ್ಟೇ ನೋಡಿದರು; ತಟ್ಟೆಯನ್ನು ಒಪ್ಪಿಕೊಂಡರೋ ಏನೋ. ಮಾತೆಲ್ಲ ಅವರ ತಂದೆಯದು. ಸರ್ಕಾರಿ ಗಂಡಿಗೆ ಕೈಗಡಿಯಾರ, ಸೈಕಲ್ಲು, ಉಂಗುರ ಎಲ್ಲವೂ ಆಗಬೇಕು, ಏಕೆಂದರೆ ಮುಂದೆ ಪಿಂಚಣಿ ಬರುವುದು ನಿಮ್ಮ ಹುಡುಗಿಯ ಮನೆಗೇ ಅಲ್ಲವೇ ಎಂದರು. ಮಾವ ತಲೆದೂಗಿದರು.

ಹತ್ತು ದಿನ ಬಿಟ್ಟು ಮಂಡಿಯವರು ತಮ್ಮ ಅಣ್ಣನ ಜೊತೆ ಬಂದರು. ಕೂರುವ ಮೊದಲೇ, "ನಾಕು ಗಂಟೆ ಬಸ್ಸಿಗೆ ಓಗ್ಬೇಕು," ಎಂದರು. ಅವ್ವನ ಮುಖ ಸಣ್ಣದಾಯಿತು.

ಮಾವ ಪೀಠಿಕೆಯಿಲ್ಲದೆ ಶುರು ಮಾಡಿದರು. "ರಜ ಯಾವ್ಯಾವಾಗಪ್ಪ ನಿಮ್ಗೆ?"

"ಇಲ್ಲ. ಇವತ್ತು ಸಾವ್ಕಾರ್ರ ಮನೇಲಿ ಮದ್ವೆ ಅಂತ ಮಂಡಿ ಮುಚ್ಚದೆ. ಅದ್ಕೇ ಬಂದಿವ್ನಿ."

"ಪಿಂಚಿಣಿ?"

"ಇಲ್ಲ."

"ಸಾವ್ಕಾರ ನಾಳೆ ಬೆಳಿಗ್ಗೆ ಓಗ್ಲಾ ಅಂದ್ಬುಟ್ರೆ?"

"ಓಗ್ಬೇಕು."

"ಮತ್ತೆ ನಿಂಗೆ ಯಾವ ಧೈರ್ಯದ ಮೇಲೆ ಎಣ್ಣು ಕೊಡೋದಪ್ಪ?"

"ಅದ ನೀವು ಯೋಚ್ನೆ ಮಾಡ್ಬೇಕು. ಇಲ್ದೇ ಇರೋದ ಅದೆ ಅಂತ ಯೇಳಕ್ಕೆ ನಾನು ಬಂದಿಲ್ಲ."

ನಾನು ಕಾಫಿ ತಂದಿಟ್ಟೆ. ಆಗ ಅವರು ತಲೆಯೆತ್ತಿ ನನ್ನನ್ನೇ ಕೇಳಿದರು. "ಎಲ್.ಎಸ್. ಪಾಸಾಗಿದೀರಂತೆ. ಟೀಚರ್ ಟ್ರೈನಿಂಗ್‌ಗೆ ಯಾಕೆ ಓಗ್ನಿಲ್ಲ?"

ಆ ಪ್ರಶ್ನೆಯನ್ನು ಅಲ್ಲಿಯವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. "ಸಕ್ರೆ ಸಾಕಾ?" ಎಂದುಬಿಟ್ಟೆ. ಅವರು ನಕ್ಕರು. ಮಾವ ನಗಲಿಲ್ಲ.

ಮಾರನೆಯ ಬೆಳಿಗ್ಗೆ ಅಪ್ಪ ನನ್ನ ಎದುರು ಕುಕ್ಕರಗಾಲಲ್ಲಿ ಕೂತು ಎರಡು ಅವರೆಕಾಯಿ ಸುಲಿದು, "ನೀನೇನಂದೀಯೆ ಕುಸು?" ಎಂದ. "ಮಂಡಿಯೋರೇ ಆಯ್ತದೆ ಕಣಪ್ಪ," ಎಂದೆ. ಹೇಳಿದ ಮೇಲೆ ಭಯವಾಯಿತು. ಅಪ್ಪ ಬೈಯಲಿಲ್ಲ. ಇನ್ನೆರಡು ಕಾಯಿ ಸುಲಿದು ಎದ್ದುಹೋದ. ಮದುವೆಯಲ್ಲಿ ಮಾವ ಪಾಯಸ ಮುಟ್ಟಲಿಲ್ಲ. ಕೇಳಿದವರಿಗೆಲ್ಲ, "ಪಿಂಚಿಣಿ ಇಲ್ಲದ ಗಂಡು," ಎಂದಷ್ಟೇ ಹೇಳುತ್ತಿದ್ದರಂತೆ.

ಖಾಸಗಿ ನೌಕರಿ ಎಂದರೇನು ಎಂದು ನನಗೆ ಚಾಮರಾಜನಗರದಲ್ಲಿ ತಿಳಿಯಿತು. ಮಂಡಿಗೆ ಹೊತ್ತಿಲ್ಲ, ವಾರವಿಲ್ಲ. ಸಾವುಕಾರರು "ಲೋ ರೈಟ್ರು" ಎಂದು ಬೀದಿಯಿಂದಲೇ ಕೂಗಿದರೆ ಕೈತುತ್ತು ಬಿಟ್ಟು ಏಳಬೇಕು. ಅದೇ ಸಾವುಕಾರರ ಮನೆಯಿಂದ ಹಬ್ಬಕ್ಕೆ ಒಂದು ದಿನ ಮೊದಲೇ ಬೆಲ್ಲ, ಬೇಳೆ, ನನಗೊಂದು ಸೀರೆ ಬರುತ್ತಿತ್ತು. ಅದು ಸಂಬಳವೂ ಅಲ್ಲ, ದಾನವೂ ಅಲ್ಲ. ಏನೆಂದು ಕರೆಯಬೇಕೋ ನನಗೆ ಇವತ್ತಿಗೂ ಗೊತ್ತಿಲ್ಲ. ಕೊಟ್ಟರೆ ಬೇಡ ಎನ್ನುವಂತಿಲ್ಲ, ಕೊಡದಿದ್ದರೆ ಕೇಳುವಂತಿಲ್ಲ.

ನಮ್ಮವರು ಕೇಳಿದ ಪ್ರಶ್ನೆಯನ್ನು ಅಲ್ಲಿಗೇ ಬಿಡಲಿಲ್ಲ. ಮದುವೆಯಾದ ವರ್ಷವೇ ಅರ್ಜಿ ತಂದು ತುಂಬಿಸಿದರು. ಟ್ರೈನಿಂಗಿಗೆಂದು ಮೈಸೂರಿನ ರೈಲು ಹತ್ತಿಸಲು ನನ್ನ ಟ್ರಂಕು ಹೊತ್ತು ಸ್ಟೇಷನ್ನಿಗೆ ಬಂದವರೂ ಅವರೇ. "ಎಂಡ್ತಿ ಓದ್ಸಕ್ಕೆ ಮದ್ವೆ ಆದ್ಯೇನ್ಲಾ?" ಎಂದು ಸಾವುಕಾರರು ಮಂಡಿಯಲ್ಲಿ ಎಲ್ಲರೆದುರು ನಗಾಡಿದರಂತೆ. ಅವರ ಹೆಂಡತಿ ಮಾತ್ರ, ಮೈಸೂರಿನ ಚಳಿಗೆ ಇರಲಿ ಎಂದು ಒಂದು ಕಂಬಳಿ ಕಳಿಸಿಕೊಟ್ಟರು.

ಟ್ರೈನಿಂಗ್ ಮುಗಿದು ನೇಮಕದ ಆರ್ಡರು ಬಂದಾಗ ಮಾವ ನಮ್ಮ ಮನೆಗೆ ಮೊದಲ ಸಲ ಬಂದರು. ಆರ್ಡರನ್ನು ಕಣ್ಣಿಗೊತ್ತಿಕೊಂಡು, "ಗಂಡ ತರ್ದಿದ್ದ ಪಿಂಚಿಣಿಯ ಎಣ್ಣೇ ತಂದ್ಲು," ಎಂದರು. ಆದರೆ ಅವ್ವ ಹೆದರಿದ್ದೂ ನಿಜವಾಯಿತು. ನನ್ನನ್ನು ಹಾಕಿದ್ದು ಗುಂಡ್ಲುಪೇಟೆ ತಾಲ್ಲೂಕಿನ ಒಂದು ಹಳ್ಳಿಗೆ. ಶಾಲೆಯ ಬಾಗಿಲಲ್ಲಿ ನಿಂತರೆ ಗೋಪಾಲಸ್ವಾಮಿ ಬೆಟ್ಟದ ಮೇಲೆ ಮಂಜು ಕೂತಿರುವುದು ಕಾಣುತ್ತಿತ್ತು. ಶಾಲೆಯ ಹಿಂದಿನ ಬೇಲಿಯಲ್ಲಿ ಆನೆ ಹಾಯ್ದ ಗುರುತು ಕಾಣುತ್ತಿತ್ತು. ಜೊತೆಗೆ ಅಜ್ಜಿ ಬಂದಿತು. ನಮ್ಮವರು ಚಾಮರಾಜನಗರದಲ್ಲಿ, ನಾನು ಇಲ್ಲಿ. ನನಗೆ ಭಾನುವಾರ ರಜ, ಅವರಿಗೆ ಯಾವ ವಾರವೂ ಇಲ್ಲ. ತಿಂಗಳಿಗೊಮ್ಮೆಯೋ ಎರಡು ಸಲವೋ ಸಂಜೆಯ ಬಸ್ಸಿಗೆ ಬಂದು ಬೆಳಿಗ್ಗೆಯ ಬಸ್ಸಿಗೆ ಹೋಗುತ್ತಿದ್ದರು.

ಸರ್ಕಾರದ ನೌಕರಿ ಎಂದರೇನು ಎಂಬ ಪಾಠವೂ ಅಲ್ಲೇ ಆಯಿತು. ಒಂದನೇ ತಾರೀಕು ಬಂತು, ಸಂಬಳ ಬರಲಿಲ್ಲ. ಇನ್ನೊಂದು ಒಂದನೇ ತಾರೀಕು ಬಂತು. ಹಾಗೆ ನಾಲ್ಕು ಬಂದವು. ಹೊಸಬರ ಕಾಗದಪತ್ರ ಮೇಲಿನಿಂದ ಬರಬೇಕು ಎನ್ನುತ್ತಿದ್ದರು. ಮೇಲೆ ಎಂದರೆ ಎಲ್ಲಿ ಎಂದು ಯಾರಿಗೂ ತಿಳಿಯದು. ನಮ್ಮವರು ಬಸ್ಸಿನ ಕಂಡಕ್ಟರನ ಕೈಲಿ ರಾಗಿ, ಎಣ್ಣೆ, ಸೋಪು ಕಳಿಸುತ್ತಿದ್ದರು. ಸಾಯುವ ಸಾವುಕಾರನ ಸಂಬಳದಲ್ಲಿ ಸಾಯದ ಸರ್ಕಾರದ ಮೇಷ್ಟ್ರಮ್ಮ ಉಣ್ಣುತ್ತಿದ್ದಳು.

ಕೊನೆಗೆ ನಾನೇ ಕಚೇರಿಗೆ ಹೋದೆ. ಯಾವ ಕಚೇರಿ ಎಂಬುದು ಬೇಡ. ಅಲ್ಲಿ ಆ ಕೆಲಸ ನೋಡಿಕೊಳ್ಳುವ ಮೇಜಿನ ಹಿಂದೆ ಕೂತಿದ್ದವರು ನಂಜುಂಡಸ್ವಾಮಿ.

ನನಗೆ ಹಾಗೇ ಹಿಂದಿರುಗಿ ಓಡಿಬಿಡೋಣ ಎನ್ನಿಸಿತು. ಅವರೂ ಎದ್ದು ನಿಂತವರು ಎಲ್ಲಿ ನೋಡಬೇಕೆಂದು ತಿಳಿಯದೆ ಮಸಿಕುಡಿಕೆಯನ್ನು ನೋಡಿದರು. ಉಪ್ಪಿಟ್ಟಿನ ತಟ್ಟೆ ಇರಲಿಲ್ಲವಲ್ಲ.

"ಕೂತ್ಕಳಿ ಮೇಷ್ಟ್ರಮ್ಮ," ಎಂದರು. ನಾನು ವಿಷಯ ಹೇಳಿದೆ. ಅವರು ಎದ್ದುಹೋಗಿ ಮೂರು ಕಟ್ಟು ಬಿಚ್ಚಿ, ನಾಲ್ಕನೆಯದರಲ್ಲಿ ನನ್ನ ಕಾಗದ ಹುಡುಕಿ ತೆಗೆದು, ತಾವೇ ಹಿಡಿದುಕೊಂಡು ಇನ್ನೊಂದು ಕೋಣೆಗೆ ನಡೆದರು. ಒಂದು ಗಂಟೆ ಕಳೆದು ಬಂದಾಗ ಹಣೆಯಲ್ಲಿ ಬೆವರು. "ಬರೋ ವಾರ ಕೈಗೆ ಬತ್ತದೆ," ಎಂದರು.

ನಾನು ಕೈಮುಗಿದೆ. ಅವರು ಸ್ವರ ತಗ್ಗಿಸಿ, "ನಿಮ್ಮ ಕಷ್ಟ ನಂಗೆ ಗೊತ್ತು. ನಾನು ಕೆಲ್ಸಕ್ಕೆ ಸೇರಿ ಆರು ತಿಂಗ್ಳು ಸಂಬ್ಳ ಕಂಡಿರ್ಲಿಲ್ಲ. ನಿಮ್ಮನೆಗೆ ಬಂದಾಗ ನನ್ನ ಜೇಬಲ್ಲಿದ್ದದ್ದು ವಾಪಸ್ ಬಸ್ ಚಾರ್ಜು ಮಾತ್ರ," ಎಂದರು. ಹೇಳಿ, ಮೊದಲ ಸಲ ನನ್ನ ಮುಖ ನೋಡಿ ನಕ್ಕರು. ನಾನೂ ನಕ್ಕೆ. ಅವರಿಗೆ ಆ ಹೊತ್ತಿಗೆ ಮದುವೆಯಾಗಿತ್ತು. ಕೈಯಲ್ಲಿ ಗಡಿಯಾರ ಇರಲಿಲ್ಲ. ಹುಡುಗಿಯ ಮನೆಯವರು ಬಡವರಿದ್ದರಂತೆ. ತಂದೆಯ ಮಾತು ಮೀರಿ, ಇವರೇ ಗಡಿಯಾರ ಬೇಡ ಎಂದರಂತೆ. ಎಲಾ, ಈ ಮನುಷ್ಯ ಅವತ್ತು ಇಷ್ಟು ಮಾತಾಡಿದ್ದರೆ ನನ್ನ ಕಥೆ ಏನಾಗುತ್ತಿತ್ತೋ ಎಂದು ಹಿಂತಿರುಗುವ ಬಸ್ಸಿನಲ್ಲಿ ಕ್ಷಣಕಾಲ ಯೋಚಿಸಿದ್ದುಂಟು. ನಮ್ಮವರಿಗೆ ಇದನ್ನು ಹೇಳಿದ್ದೇನೆ. ಅವರು ಇಂದಿಗೂ ನನ್ನನ್ನು ಆಡಿಕೊಳ್ಳುತ್ತಾರೆ.

ಮರುವರ್ಷ ನಾನು ಬಸುರಿಯಾದೆ. ಸರ್ಕಾರದ ದೊಡ್ಡತನ ಆಗ ಕಂಡಿತು. ಬಾಣಂತಿ ರಜ, ಅದೂ ಸಂಬಳದ ಸಮೇತ. ಕೂಲಿಗೆ ಹೋಗುವ ಹೆಂಗಸರು ಹೆತ್ತ ವಾರಕ್ಕೇ ಕಳೆ ಕೀಳುವುದನ್ನು ಕಂಡಿದ್ದ ನಮ್ಮಜ್ಜಿಗೆ ಅದು ನಂಬಿಕೆಯೇ ಆಗಲಿಲ್ಲ. "ಎತ್ತಿದ್ಕೆ ಸಂಬ್ಳ ಕೊಡ್ತಾರಾ? ನಾನು ಎಂಟು ಎತ್ತಿವ್ನಿ, ನಂಗೂ ಬರ್ಸ್ಕೊಡಿಸ್ತೀಯಾ?" ಎಂದು ಕೇಳಿತು.

ಹೆರಿಗೆಗೆ ಭೀಮನಬೀಡಿಗೆ ಹೋದೆ. ಮಾಘದ ದಿನಗಳು, ಅರಿಶಿನದ ಸುಗ್ಗಿ. ನೋವು ಶುರುವಾಗಿ ಒಂದು ಹಗಲು ಒಂದು ರಾತ್ರಿ ಕಳೆದರೂ ಮಗು ಬರಲಿಲ್ಲ. ಸೂಲಗಿತ್ತಿ ಕೈಚೆಲ್ಲಿದಳು. ಗಾಡಿ ಕಟ್ಟಿ ಹುಲ್ಲು ಹಾಸಿ ಗುಂಡ್ಲುಪೇಟೆಯ ಆಸ್ಪತ್ರೆಗೆ ಹೊರಟರು. ದಾರಿಯಲ್ಲಿ ಅಪ್ಪ ಬಸ್ಸಿಗೆ ಕೈ ಅಡ್ಡ ಹಿಡಿದು, ಮಂಡಿಗೆ ಸುದ್ದಿ ಮುಟ್ಟಿಸು ಎಂದು ಕಂಡಕ್ಟರನಿಗೆ ಹೇಳಿದ.

ಮಂಡಿಯಲ್ಲಿ ನಡೆದದ್ದನ್ನು ಮೂಟೆ ಹೊರುವ ಮಾದಯ್ಯ ನನಗೆ ಆಮೇಲೆ ಹೇಳಿದ. ಅಂಗಳದ ತುಂಬ ಗಾಡಿಗಳು, ರೈತರು, ಕೊಳ್ಳಲು ಬಂದ ತಮಿಳು ವ್ಯಾಪಾರಿಗಳು. ನಮ್ಮವರು ಸುದ್ದಿ ಕೇಳಿ, "ಓಗ್ಬತ್ತೀನಿ ಸಾವ್ಕಾರ್ರೆ," ಎಂದರಂತೆ. ಸಾವುಕಾರರು ತಲೆಯೆತ್ತದೆ, "ಎರೋಳು ಅವ್ಳಲ್ವೇನ್ಲಾ? ನೀ ಓಗಿ ಮಾಡೋದೇನು? ಸುಗ್ಗಿ ಕಳೀಲಿ," ಎಂದರಂತೆ. ನಮ್ಮವರು ಸೊಂಟದಿಂದ ಮಂಡಿಯ ಬೀಗದ ಕೈ ತೆಗೆದು ಸಾವುಕಾರರ ಗಾದಿಯ ಮೇಲಿಟ್ಟರು. "ಇವತ್ತು ಓದೋನು ನಾಳೆ ಬರಂಗಿಲ್ಲ!" ಎಂದು ಸಾವುಕಾರರು ಕೂಗಿದಾಗ ಅವರಾಗಲೇ ಬೀದಿಯಲ್ಲಿದ್ದರಂತೆ.

ಅವರು ಆಸ್ಪತ್ರೆ ಮುಟ್ಟಿದಾಗ ಮಗಳು ಹುಟ್ಟಿ ಸ್ವಲ್ಪ ಹೊತ್ತಾಗಿತ್ತು. ನನಗೆ ಅರೆ ಎಚ್ಚರ. ಅರಿಶಿನದ ವಾಸನೆ ಬಂದ ಮೇಲೆ ಕಣ್ಣು ಬಿಟ್ಟೆ. "ಕೆಲ್ಸ ಬುಟ್ಬುಟ್ಟೆ ಕಣಮ್ಮಿ," ಎಂದರು. ಏನೋ ಒಳ್ಳೆಯ ಸುದ್ದಿ ಹೇಳುವವರ ಹಾಗೆ ಹೇಳಿದರು. ನನಗೆ ಅಳು ಬಂತು.

ಆ ಮೇಲಿನ ದಿನಗಳು ಸುಖದವಲ್ಲ. ಮಾವ ದಿನಾ ಬಂದು ಜಗಲಿಯಲ್ಲಿ ಕೂತು ನಿಟ್ಟುಸಿರು ಬಿಡುತ್ತಿದ್ದರು. ನಮ್ಮವರು ಹಗಲೆಲ್ಲ ಅಪ್ಪನ ಹೊಲದಲ್ಲಿ ಕೊಪ್ಪರಿಗೆಗೆ ಸೌದೆ ಒಟ್ಟುತ್ತಿದ್ದರು. ಹೆಂಡತಿಯ ತವರಿನ ಅನ್ನ ಗಂಟಲಲ್ಲಿ ಇಳಿಯುವುದು ಎಷ್ಟು ಕಷ್ಟ ಎಂದು ಅವರು ಅರ್ಧದಲ್ಲೇ ಏಳುವುದನ್ನು ನೋಡಿದಾಗ ನನಗೆ ತಿಳಿಯುತ್ತಿತ್ತು.

ಮಗುವಿಗೆ ಹೆಸರಿಡುವ ದಿನ ಮನೆ ಮುಂದೆ ಒಂದು ಬಾಡಿಗೆ ಕಾರು ನಿಂತಿತು. ಇಳಿದವರು ಸಾವುಕಾರರು ಮತ್ತು ಅವರ ಹೆಂಡತಿ. ಆಕೆ ಒಣಕೊಬ್ಬರಿ, ಬೆಲ್ಲ, ಶುಂಠಿ ಹಿಡಿದು ಸೀದಾ ಒಳಗೆ ಬಂದು ನನ್ನ ಪಕ್ಕ ಕೂತರು. ಸಾವುಕಾರರು ಜಗಲಿಯಲ್ಲೇ ಉಳಿದರು.

"ಮೊಮ್ಮಗ್ಳ ನೋಡಕ್ ಬಂದಿವ್ನಿ ಕಣ್ಲಾ. ನಿನ್ನ ನೋಡಕ್ಕಲ್ಲ," ಎನ್ನುವುದು ಕೇಳಿಸಿತು.

"ನೋಡಿ ಸಾವ್ಕಾರ್ರೆ," ಎಂದರು ನಮ್ಮವರು.

ಆಮೇಲೆ ಸಾವುಕಾರರೇ, "ಬೀಗದ ಕೈ ತಂದಿವ್ನಿ. ಇಸ್ಕ," ಎಂದರು.

"ಒಂದು ಮಾತದೆ."

"ಸಂಬ್ಳ ಜಾಸ್ತಿ ಮಾಡ್ಬೇಕಾ?"

"ಬ್ಯಾಡ. ವಾರಕ್ಕೊಂದು ದಿನ ರಜ ಬೇಕು."

"ಏನ್ಲಾ ಇದು, ಎಂಡ್ತಿ ಸರ್ಕಾರದೋಳಾದ್ಲು ಅಂತ ನಿನ್ನ ಮೈಮೇಲೂ ಸರ್ಕಾರ ಬಂದ್ಬುಡ್ತಾ?"

ನಮ್ಮವರು ಸ್ವರ ಏರಿಸಲಿಲ್ಲ. "ನಿಮ್ಮ ಎತ್ತುಗೊಳ್ಗೆ ಸೋಮ್ವಾರ ನೊಗ ಕಟ್ತೀರಾ ಸಾವ್ಕಾರ್ರೆ?"

"ಸಿವಸಿವಾ! ಸೋಮ್ವಾರ ಯಾರಾದ್ರೂ ನೊಗ ಕಟ್ತಾರೇನ್ಲಾ? ಸಿವನ ವಾರ ಅದು."

"ಎತ್ತಿಗಿರೋದ ನಂಗೂ ಕೊಡಿ. ಮೂಟೆ ಒರೋರ್ಗೂ ಕೊಡಿ. ನಾಳೆಯಿಂದ್ಲೇ ಬತ್ತೀನಿ."

ನಾನು ಮಗುವನ್ನು ಗಟ್ಟಿಯಾಗಿ ಅಪ್ಪಿಕೊಂಡಿದ್ದೆ. ಸಾವುಕಾರರ ಹೆಂಡತಿ ನನ್ನ ಕೈ ಹಿಡಿದಿದ್ದರು. ಆಗ ಹೊರಗೆ ಯಾರೋ ಕೆಮ್ಮಿದರು. ಮಾವ. "ನ್ಯಾಯವಾದ ಮಾತು ಸಾವ್ಕಾರ್ರೆ," ಎಂದರು. "ಸರ್ಕಾರ್ದಲ್ಲಿ ಮೂವತ್ತೊರ್ಸ ಇದ್ದೋನು ನಾನು. ರಜದಿನ ಮನೇಲಿ ಕೂತು ಉಂಡೋನೇ ಮಾರ್ನೆ ದಿನ ನೆಟ್ಗೆ ಕೆಲ್ಸ ಮಾಡೋದು."

ಸಾವುಕಾರರು ಹಣೆಯ ವಿಭೂತಿ ಸವರಿಕೊಂಡರಂತೆ. ಮೊದಲು ಸಣ್ಣಗೆ, ಆಮೇಲೆ ಜೋರಾಗಿ ನಕ್ಕರು. "ಎತ್ತಿನ ಹೆಸ್ರೇಳಿ ಕಟ್ಟಾಕ್ಬುಟ್ಟೆ ಕಣ್ಲಾ. ತಗೊ ಸೋಮ್ವಾರ. ಮಂಗ್ಳಾರ ಬೆಳಿಗ್ಗೆ ಮಾತ್ರ ಬಾಗ್ಲು ತಗ್ದಿರ್ಬೇಕು."

ಒಳಗೆ ನಾನು ಸಂತೋಷಪಡುತ್ತಿರುವಾಗಲೇ ಹೊಳೆಯಿತು: ಅವರಿಗೆ ಸೋಮವಾರ, ನನಗೆ ಭಾನುವಾರ. ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಆದರೆ ನೋಡಿ, ಆ ತಪ್ಪಿದ ತಾಳವೇ ನನ್ನ ಜೀವನದ ಒಳ್ಳೆಯ ದಿನಗಳನ್ನು ತಂದಿತು. ರಜ ಮುಗಿಸಿ ಶಾಲೆಗೆ ಹೋದ ಮೇಲೆ ಅವರು ಭಾನುವಾರ ಸಂಜೆಯ ಬಸ್ಸಿಗೆ ಬರುತ್ತಿದ್ದರು. ಸೋಮವಾರ ಇಡೀ ದಿನ ಮಗು ಅವರ ಕೈಯಲ್ಲಿ. ನೀರು ಹಾಕುವುದು, ರಾಗಿಸರಿ ಕಾಯಿಸುವುದು, ಬಟ್ಟೆ ಒಗೆದು ಶಾಲೆಯ ಬೇಲಿಯ ಮೇಲೆ ಹರಡುವುದು. ಆ ಕಾಲದಲ್ಲಿ ಗಂಡಸೊಬ್ಬ ಹೀಗೆ ಮಾಡಿದರೆ ಊರು ಸುಮ್ಮನಿರುತ್ತದೆಯೇ? ಹೆಂಗಸರು ನೀರಿಗೆ ಹೋಗುವ ನೆಪದಲ್ಲಿ ಎರಡು ಸಲ ಹಾಯುತ್ತಿದ್ದರು. ನಾನು ಕಿಟಕಿಯಾಚೆ ನೋಡಿ ಮಗ್ಗಿಯ ಸಾಲು ಮರೆಯುತ್ತಿದ್ದೆ. ಮಕ್ಕಳು ಸಿಕ್ಕಿದ್ದೇ ಸಮಯವೆಂದು ಗದ್ದಲ ಮಾಡುತ್ತಿದ್ದರು. ಮೊದಮೊದಲು ಅಜ್ಜಿಗೆ ನಾಚಿಕೆಯೋ ನಾಚಿಕೆ. ಒಂದು ತಿಂಗಳಾದ ಮೇಲೆ ಅದೇ ಅಜ್ಜಿ, "ಇವತ್ತೇನು ಸುಕ್ರವಾರವಾ? ಇನ್ನೆಲ್ಡು ದಿನ ಅದೆಯಾ?" ಎಂದು ನನಗಿಂತ ಹೆಚ್ಚಾಗಿ ದಾರಿ ಕಾಯತೊಡಗಿತು.

ಒಂದು ಸೋಮವಾರ ನಂಜುಂಡಸ್ವಾಮಿ ಯಾವುದೋ ತನಿಖೆಗೆಂದು ಆ ದಾರಿಯಲ್ಲಿ ಬಂದವರು, ಬೇಲಿಯ ಬಳಿ ಮಗುವಿನ ಬಟ್ಟೆ ಹಿಂಡುತ್ತಿದ್ದ ನಮ್ಮವರನ್ನು ಕಂಡು ಸೈಕಲ್ಲಿಳಿದರು. ನಾನು ಪರಿಚಯ ಮಾಡಿಸಿದೆ. ಅವರು ಸ್ವಲ್ಪ ಹೊತ್ತು ನೋಡಿ, "ನಮ್ಗೆ ವರ್ಸಕ್ಕೆ ಎಷ್ಟೋ ರಜ ಅವೆ. ಈ ತರದ್ದು ಒಂದ್ನೂ ತಗೊಂಡಿಲ್ಲ ನಾನು," ಎಂದರು. ಅವರಿಗೂ ಆಗ ಪುಟ್ಟ ಮಗನಿದ್ದ.

ಚಾಮರಾಜನಗರದ ಬೇರೆ ವರ್ತಕರು ನಮ್ಮ ಸಾವುಕಾರರನ್ನು "ಎತ್ತಿನ ರಜದೋರು" ಎಂದು ಗೇಲಿ ಮಾಡುತ್ತಿದ್ದರಂತೆ. ಅವರು ಸೋಮವಾರವನ್ನು ಮಾತ್ರ ಕಿತ್ತುಕೊಳ್ಳಲಿಲ್ಲ. ಮಾದಯ್ಯ ಆ ದಿನ ತನ್ನ ತುಂಡು ಹೊಲದಲ್ಲಿ ಹುರುಳಿ ಬಿತ್ತಿದ.

ಕೆಲವು ವರ್ಷಗಳ ಮೇಲೆ ನನಗೆ ಚಾಮರಾಜನಗರಕ್ಕೇ ವರ್ಗವಾಯಿತು. ಅದೆಷ್ಟೋ ಕಾಲದ ಮೇಲೆ ಸಾವುಕಾರರು ತೀರಿಕೊಂಡರು. ಅವರ ಮಕ್ಕಳಿಗೆ ಅರಿಶಿನ ಬೇಡವಾಗಿ ಮಂಡಿ ಮುಚ್ಚಿತು. ನಮ್ಮವರಿಗೆ ಒಂದು ಶಾಲು, ಹಣ್ಣಿನ ತಟ್ಟೆ ಕೊಟ್ಟು ಕಳಿಸಿದರು. ಅಷ್ಟೇ. ಮಾವ ಅವತ್ತು ಜಗಲಿಯಲ್ಲಿ ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಾಗಲಿಲ್ಲ ಎಂದು ಒಪ್ಪಿಕೊಳ್ಳಬೇಕು. ನಮ್ಮವರು ಸಣ್ಣಪುಟ್ಟ ಅಂಗಡಿಗಳಿಗೆ ಬರೆದುಕೊಡುತ್ತ, ಕಣ್ಣು ಮಂಜಾದ ಮೇಲೆ ಅದನ್ನೂ ಬಿಟ್ಟರು. ನನ್ನ ಸಂಬಳದಲ್ಲಿ ಮಗಳು ಓದಿದಳು, ಮನೆಯಾಯಿತು. ಅವರಿಗೆ ಇದರಿಂದ ಮುಜುಗರವಾಗುತ್ತದೇನೋ ಎಂದು ನಾನು ಬಹಳ ವರ್ಷ ಅಳುಕಿದ್ದೆ. ಅವರಿಗೆ ಅದರ ಯೋಚನೆಯೇ ಇರಲಿಲ್ಲ.

ಇಷ್ಟೆಲ್ಲ ತಲೆಯಲ್ಲಿ ಸುತ್ತುತ್ತಿರುವಾಗಲೇ ಇವತ್ತು ಮಧ್ಯಾಹ್ನ ನಾವಿಬ್ಬರೂ ನನ್ನ ಪಿಂಚಣಿಯ ಕೆಲಸಕ್ಕೆ ಬ್ಯಾಂಕಿಗೆ ಹೋದೆವು. ಅಲ್ಲಿ ಒಂದು ಹೊಸ ಫಾರಂ ಕೊಟ್ಟರು. ನಾನು ತೀರಿಕೊಂಡ ಮೇಲೆ ಕುಟುಂಬ ಪಿಂಚಣಿ ಯಾರಿಗೆ ಎಂದು ಬರೆಯಬೇಕು. ಅವರ ರುಜುವೂ ಬೇಕು. ನಮ್ಮವರು ಕನ್ನಡಕ ಏರಿಸಿಕೊಂಡು ಎರಡು ಸಲ ಓದಿ, ಕೌಂಟರಿನ ಹುಡುಗಿಯನ್ನು ಕೇಳಿದರು.

"ನಾನು ಏನು ಕೆಲ್ಸ ಮಾಡ್ದೆ ಅಂತ ಕೊಡ್ತಾರಮ್ಮ ಇದ?"

"ನೀವು ಟೀಚರ್ ಯಜಮಾನ್ರಲ್ವಾ ತಾತ? ಅದಕ್ಕೇ."

"ಅದ್ಕೂ ಕೊಡ್ತಾರಾ!" ಎಂದು ನನ್ನ ಕಡೆ ತಿರುಗಿ ಹುಬ್ಬೇರಿಸಿ, ನಿಧಾನವಾಗಿ, ಒಂದೊಂದೇ ಅಕ್ಷರ ಗುಂಡಗೆ ಬರೆದು ರುಜು ಹಾಕಿದರು.

ಹೊರಗೆ ಬಂದೆವು. ಬಿಸಿಲಿತ್ತು. ಎಳನೀರಿನ ಗಾಡಿಯ ನೆರಳಲ್ಲಿ ನಿಂತು, ಒಂದು ಕೆತ್ತಿಸಿ ಇಬ್ಬರೂ ಹಂಚಿಕೊಂಡು ಕುಡಿಯುತ್ತಿದ್ದೆವು. ಅವರು ಬುರುಡೆ ನನ್ನ ಕೈಗೆ ಕೊಡುತ್ತ, ರಸ್ತೆಯ ಕಡೆ ನೋಡಿಕೊಂಡೇ, "ಆ ದುಡ್ಡು ನಂಗೆ ಬ್ಯಾಡ ಕಣಮ್ಮಿ. ನೀನೇ ಇಸ್ಕೊತಾ ಇರು," ಎಂದರು.

ನಾನು ಹೂಂ ಎಂದೆ. ಎಳನೀರಿನವನಿಗೆ ಇನ್ನೊಂದು ಕೆತ್ತಲು ಹೇಳಿದೆ.